ಊರೆಲ್ಲರ ಅಜ್ಜಂದಿರು

ಕೆನಡಾದ ಮಾಂಟ್ರಿಯಲ್ ನಗರದ ಸ್ಟ್ಯಾನ್ಲಿ ಡೈಮಂಡ್ ತಮ್ಮ ವಂಶದ ಬೆನ್ನು ಹತ್ತಲು ವಂಶಪಾರಂಪರ್ಯವಾಗಿ ಬರುವ ರಕ್ತದ ದೋಷವೊಂದು ಕಾರಣವಾಯಿತು. ಅವರು ಬೀಟಾ ಥಲಸ್ಸೀಮಿಯಾದ ವಾಹಕರಾಗಿದ್ದರು. ವಾಹಕರಾದವರಿಗೆ ಅದರಿಂದ ಅಂಥ ತೊಂದರೆಯೇನೂ ಇಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿಬಿಟ್ಟರೆ ಮಾತ್ರ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆ ಬರುವ ಸಂಭವ. ಬಂದರೆ ಜೀವಮಾನವಿಡೀ ರಕ್ತ ಕೊಡಿಸುತ್ತಿರಬೇಕು. ಡೈಮಂಡ್ ಅವರಂಥ ಪೂರ್ವ ಯುರೋಪ್ ಮೂಲದ ಯಹೂದಿಗಳಲ್ಲಿ ಈ ದೋಷ ಅಪರೂಪವಾದ್ದರಿಂದ ವೈದ್ಯರು ಅದರ ಗುಮಾನಿ ಪಡುವುದೂ ಕಡಿಮೆ. ಹಾಗಾಗಿ ನೆಂಟರಿಷ್ಟರಿಗೆ ಎಚ್ಚರಿಕೆ ಮುಟ್ಟಿಸಬೇಕಿತ್ತು. ನೆಂಟರು ಯಾರು, ಯಾವ ದೇಶದಲ್ಲಿದ್ದಾರೆ ಎಂಬುದೇ ಗೊತ್ತಿಲ್ಲದಿದ್ದರೆ ಮುಟ್ಟಿಸುವುದು ಯಾರಿಗೆ?

ಅವರ ಮನೆತನದ ಬೇರು ಪೋಲೆಂಡಿನ ಓಸ್ಟ್ರೂಫ್ ಮಜೊವಿಯೆಟ್ಸ್ಕಾ ಎಂಬ ಊರಿನಲ್ಲಿತ್ತು. ಆ ಊರಿನ ಹುಟ್ಟು, ಮದುವೆ, ಸಾವಿನ ಪುಸ್ತಕಗಳನ್ನು ಪುಟಪುಟ ತಿರುವದೆ ತನ್ನವರು ಸಿಗುವುದಿಲ್ಲ. ಹೇಗೂ ತಿರುವುವುದೇ ಆದರೆ ತನ್ನವರ ಸಾಲುಗಳನ್ನಷ್ಟೇ ಗುರುತು ಹಾಕಿಕೊಂಡು ಉಳಿದವರನ್ನು ಬಿಡುವುದೇಕೆ? 1995ರಲ್ಲಿ ಗ್ಲಾಸ್ಗೋದ ಮೈಕಲ್ ಟೋಬಿಯಸ್ ಮುಂತಾದವರ ಜೊತೆ ಸೇರಿ ಡೈಮಂಡ್ ಕಟ್ಟಿದ ಸಂಸ್ಥೆ 'ಜ್ಯೂಯಿಶ್ ರೆಕಾರ್ಡ್ಸ್ ಇಂಡೆಕ್ಸಿಂಗ್–ಪೋಲೆಂಡ್'. ಅದರ ಸೂಚಿಯಲ್ಲಿ ಇವತ್ತು 60 ಲಕ್ಷಕ್ಕೂ ಹೆಚ್ಚು ನಮೂದುಗಳಿವೆ. ಬಹುಪಾಲು ಕೆಲಸ ಮಾಡಿದವರು ಸಂಬಳವಿಲ್ಲದ ಸ್ವಯಂಸೇವಕರು. ಯಹೂದಿ ವಂಶಶೋಧನೆ ಎಂಬ ಕಸುಬಿನ ಗುಟ್ಟೇ ಇದು ಅಂತ ನನಗನ್ನಿಸುತ್ತದೆ: ನಿಮ್ಮ ಅಜ್ಜ ಬೇಕಾದರೆ ಊರಿನವರೆಲ್ಲರ ಅಜ್ಜಂದಿರನ್ನೂ ಬರೆದಿಡಬೇಕು.

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಎತ್ತಿನ ಮೇಲೆ ಬಂದು ಮನೆತನದ ಹೆಸರುಗಳನ್ನು ತಲೆಮಾರುಗಟ್ಟಲೆ ಒಪ್ಪಿಸುವ ಹೆಳವರಂಥವರು ಪೋಲೆಂಡಿನ ಯಹೂದಿಗಳಿಗೆ ಇರಲಿಲ್ಲ. ರಬ್ಬಿಗಳ ದೊಡ್ಡ ಮನೆತನಗಳು ತಮ್ಮ ವಂಶಾವಳಿಯನ್ನು ಜತನವಾಗಿ ಬರೆದಿಟ್ಟುಕೊಂಡದ್ದುಂಟು. ದರ್ಜಿ, ಗಾಡಿ ಹೊಡೆಯುವವ, ಹಾಲು ಮಾರುವವ ಇವರಿಗೆಲ್ಲ ಉಳಿದದ್ದು ಸರ್ಕಾರದ ಕಾಗದವೊಂದೇ. ಅದೂ ಸರ್ಕಾರ ತನ್ನ ತೆರಿಗೆಗೆ, ತನ್ನ ಸೈನ್ಯಕ್ಕೆ ಬರೆಸಿಕೊಂಡದ್ದು.

ಆ ಕಾಗದ ಓದಲು ಸೊಗಸಾಗಿದೆ. ನೆಪೋಲಿಯನ್ ಕಾಲದಲ್ಲಿ ವಾರ್ಸಾ ಸುತ್ತಿನ ಸೀಮೆಗೆ ಬಂದ ಕ್ರಮ ಅದು. 1826ರಿಂದ ಯಹೂದಿಗಳಿಗೇ ಬೇರೆ ಪುಸ್ತಕವಾಯಿತು. ಪಟ್ಟಿ, ಕೋಷ್ಟಕ ಏನೂ ಇಲ್ಲ. ಪ್ರತಿ ಹುಟ್ಟೂ ಒಂದು ಪುಟ್ಟ ಕಥನ. ಇಂಥ ಊರಿನಲ್ಲಿ, ಇಂಥ ದಿನ, ಇಷ್ಟು ಗಂಟೆಗೆ, ಇಷ್ಟು ವಯಸ್ಸಿನ ಇಂಥ ಕಸುಬಿನವನು ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಬಂದು, ಇಂಥ ತವರಿನ ಹೆಂಡತಿಯಲ್ಲಿ ಹುಟ್ಟಿದ ಗಂಡುಮಗುವನ್ನು ನಮಗೆ ತೋರಿಸಿದ ಎಂದು ಗುಮಾಸ್ತ ಬರೆಯುತ್ತಾನೆ. ತಾಯಿಯ ತವರಿನ ಹೆಸರು ಅದರಲ್ಲೇ ಇರುವುದು ಶೋಧಕರ ಭಾಗ್ಯ. 1868ರವರೆಗೆ ಇದೆಲ್ಲ ಪೋಲಿಷ್ ಭಾಷೆಯಲ್ಲಿ. ಆಮೇಲೆ ಮೊದಲ ಮಹಾಯುದ್ಧದ ತನಕ ಕೈಬರಹದ ರಷ್ಯನ್‌ನಲ್ಲಿ, ಹಳೆಯ ಪಂಚಾಂಗದ ತೇದಿ ಒಂದು, ಹೊಸದರದ್ದು ಇನ್ನೊಂದು. ಈಗ ಹುಡುಕುತ್ತಿರುವ ಮೊಮ್ಮಕ್ಕಳಲ್ಲಿ ಹೆಚ್ಚಿನವರಿಗೆ ಆ ಎರಡೂ ಭಾಷೆ ಬಾರದು. ಆದರೆ ವಾಕ್ಯದ ಅಚ್ಚು ಒಂದೇ ಆದ್ದರಿಂದ, ಹತ್ತಿಪ್ಪತ್ತು ಪುಟ ಕಣ್ಣಾಡಿಸಿದವರಿಗೆ ಹೆಸರು ಎಲ್ಲಿ ಬರುತ್ತದೆ, ವಯಸ್ಸು ಎಲ್ಲಿ ಬರುತ್ತದೆ ಎಂಬುದು ಹಿಡಿತಕ್ಕೆ ಸಿಗುತ್ತದೆ.

ಹಾಗೆಂದು ಅದನ್ನು ಪೂರಾ ನಂಬುವಂತಿಲ್ಲ. ಮಗನನ್ನು ಆಗ ಆಳುತ್ತಿದ್ದ ರಷ್ಯಾದ ತ್ಸಾರ್‌ನ ಸೈನ್ಯಕ್ಕೆ ಎಳೆದೊಯ್ಯುತ್ತಾರೆಂಬ ಭಯಕ್ಕೆ ವಯಸ್ಸು ಏರುಪೇರಾಗುತ್ತದೆ. ಮೂರು ನಾಲ್ಕು ಮಕ್ಕಳಾದ ಮೇಲೆ ಎಲ್ಲರನ್ನೂ ಒಂದೇ ದಿನ ಬರೆಸಿದ ಅಪ್ಪಂದಿರಿದ್ದಾರೆ. ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಗಲೀಷಿಯಾದಲ್ಲಿ ಕತೆ ಇನ್ನೂ ವಿಚಿತ್ರ. ಅಲ್ಲಿ ರಬ್ಬಿಯ ಮುಂದೆ ಮದುವೆಯಾಗಿ, ಸರ್ಕಾರಿ ಮದುವೆಯ ಗೋಜಿಗೆ ಹೋಗದವರು ಹೇರಳ. ಊರಿಗೆಲ್ಲ ಮರ್ಯಾದಸ್ಥ ದಂಪತಿ, ಪುಸ್ತಕದಲ್ಲಿ ಮಾತ್ರ ಮಕ್ಕಳು ಅಕ್ರಮ ಸಂತಾನ, ತಾಯಿಯ ಕುಲನಾಮದಲ್ಲಿ! ಅಪ್ಪನ ಕುಲನಾಮವನ್ನೇ ಹಿಡಿದು ಹೊರಟವರು ಇಲ್ಲಿ ಮುಗ್ಗರಿಸುತ್ತಾರೆ.

ಕುಲನಾಮವೆಂಬುದೇ ಆ ಜನಕ್ಕೆ ಹೊಸತು. ಆಸ್ಟ್ರಿಯಾದ ಚಕ್ರವರ್ತಿ ಎರಡನೆಯ ಜೋಸೆಫ್ 1787ರಲ್ಲಿ ಯಹೂದಿಗಳೆಲ್ಲ ಖಾಯಂ ಕುಲನಾಮ ಇಟ್ಟುಕೊಳ್ಳಬೇಕೆಂದ. ರಷ್ಯಾದಲ್ಲಿ ಆ ಕಾನೂನು 1804ರಲ್ಲಿ, ಪ್ರಷ್ಯಾದಲ್ಲಿ 1812ರಲ್ಲಿ ಬಂತು. ಅದಕ್ಕೂ ಹಿಂದೆ ಬಹುತೇಕ ಎಲ್ಲರೂ ಇಂಥವನ ಮಗ ಇಂಥವನು, ಅಷ್ಟೆ. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ಇದಕ್ಕೆ ಹಿಡಿದ ದಾರಿ ನಮಗೆ ಪರಿಚಿತವೇ: ರೋಹೆಕರ್, ಕೆಹಿಮ್ಕರ್ ಎಂದು ಊರಿಗೆ 'ಕರ್' ಸೇರಿಸಿದರು. ಅವರ ವಂಶ ಹುಡುಕುವವರಿಗೆ ಊರು ಹೆಸರಿನಲ್ಲೇ ಸಿಕ್ಕಿಬಿಡುತ್ತದೆ; ಪೋಲೆಂಡಿನವರಲ್ಲಿ ಆ ಸುಖ ಎಲ್ಲರಿಗೂ ಇಲ್ಲ.

ಕುಲನಾಮ ಕೈಕೊಟ್ಟಲ್ಲಿ ಇಟ್ಟ ಹೆಸರು ಕೈಹಿಡಿಯುತ್ತದೆ. ಅಶ್ಕೆನಾಜಿಗಳು, ಅಂದರೆ ಮಧ್ಯ ಮತ್ತು ಪೂರ್ವ ಯುರೋಪಿನ ಯಹೂದಿಗಳು, ಮಕ್ಕಳಿಗೆ ಬದುಕಿರುವವರ ಹೆಸರಿಡುವುದಿಲ್ಲ. ತೀರಿಹೋದ ಹಿರಿಯರದ್ದೇ ಆಗಬೇಕು. ನಮ್ಮಲ್ಲೂ ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತದಾದರೂ ಅಜ್ಜ ಜಗಲಿಯಲ್ಲಿ ಕೂತಿರುವಾಗಲೂ ಇಡುವ ಮನೆಗಳಿವೆ. ಸ್ಪೇನ್ ಮೂಲದ ಸೆಫಾರ್ಡಿ ಯಹೂದಿಗಳ ರೂಢಿಯೂ ಹಾಗೆಯೇ. ಅಶ್ಕೆನಾಜಿಗಳ ಈ ಕಟ್ಟುನಿಟ್ಟು ಶೋಧಕರಿಗೆ ಒಳ್ಳೆಯ ಸುಳಿವು. ನಾಲ್ವರು ಅಣ್ಣತಮ್ಮಂದಿರ ಮನೆಗಳಲ್ಲಿ 1881ರಿಂದ 1884ರ ನಡುವೆ ಒಬ್ಬೊಬ್ಬ ಯಾಂಕೆಲ್ ಹುಟ್ಟಿದ್ದಾನೆ, ಅದಕ್ಕೆ ಹಿಂದೆ ಆ ಮನೆಗಳಲ್ಲಿ ಯಾಂಕೆಲ್ ಎಂಬ ಮಗುವೇ ಇಲ್ಲ ಎಂದಿಟ್ಟುಕೊಳ್ಳಿ. ಅಜ್ಜ ಯಾಂಕೆಲ್ 1880ರ ಆಸುಪಾಸಿನಲ್ಲಿ ತೀರಿಕೊಂಡಿರಬೇಕು. ಸಾವಿನ ಪುಸ್ತಕ ಸುಟ್ಟುಹೋಗಿದ್ದರೂ ಆತನ ಸಾವಿನ ಕಾಲವನ್ನು ಮೊಮ್ಮಕ್ಕಳ ಹುಟ್ಟಿನಿಂದ ಲೆಕ್ಕ ಹಾಕಬಹುದು. ಗೋರಿಕಲ್ಲೂ ಇಷ್ಟೇ ಉದಾರಿ. ಹೀಬ್ರೂ ಬರಹದಲ್ಲಿ ಸತ್ತವರ ಹೆಸರಿನ ಜೊತೆ ತಂದೆಯ ಹೆಸರು ಬರುವುದರಿಂದ ಒಂದು ಕಲ್ಲಿಗೆ ಎರಡು ತಲೆಮಾರು. ಕೆತ್ತಿದ ಎರಡು ಹಸ್ತಗಳಿದ್ದರೆ ಕೊಹೆನ್ ಎಂಬ ಪುರೋಹಿತ ಕುಲ, ನೀರಿನ ಹೂಜಿ ಇದ್ದರೆ ಲೇವಿ.

ಇನ್ನು ಸಮುದ್ರ ದಾಟಿದವರ ಹೆಸರಿನ ಪಾಡು. ನ್ಯೂಯಾರ್ಕಿನ ಎಲಿಸ್ ದ್ವೀಪದ ವಲಸೆ ಠಾಣೆಯಲ್ಲಿ ಗುಮಾಸ್ತರು ಬಾಯಿಗೆ ಬಂದಂತೆ ಹೆಸರು ಬದಲಿಸಿಬಿಟ್ಟರೆಂದು ಅಮೆರಿಕದ ಯಹೂದಿ ಮನೆಮನೆಯಲ್ಲೂ ಹೇಳುತ್ತಾರೆ. ಅದು ಕಟ್ಟುಕತೆ. ಹ್ಯಾಂಬರ್ಗ್, ರಾಟರ್‌ಡ್ಯಾಮಿನಂಥ ಬಂದರಿನಲ್ಲೇ ಹಡಗಿನವರು ಬರೆದು ತಂದ ಪಟ್ಟಿಯನ್ನು ಇಟ್ಟುಕೊಂಡು ದ್ವೀಪದ ಅಧಿಕಾರಿಗಳು ತಾಳೆ ನೋಡುತ್ತಿದ್ದರು. ಹೆಸರು ಬದಲಿಸಿಕೊಂಡವರು ಸಾಮಾನ್ಯವಾಗಿ ವಲಸೆಗಾರರೇ, ಊರು ಸೇರಿದ ಮೇಲೆ, ಕೆಲಸಕ್ಕೋ ಮರ್ಯಾದೆಗೋ. ನಿಜವಾದ ತೊಡಕು ಕಾಗುಣಿತದ್ದು. ಮಾಸ್ಕೊವಿಟ್ಸ್ ಎಂಬ ಹೆಸರನ್ನು ಒಬ್ಬ 'ವಿ'ಯಲ್ಲಿ, ಇನ್ನೊಬ್ಬ 'ಡಬ್ಲ್ಯೂ'ನಲ್ಲಿ ಬರೆಯುತ್ತಾನೆ. ಕನ್ನಡದಲ್ಲಾದರೆ ಎರಡೂ ಒಂದೇ. ಅಮೆರಿಕದ ಜನಗಣತಿಗೆ ಬಳಸುತ್ತಿದ್ದ ಸೌಂಡೆಕ್ಸ್ ಎಂಬ ಸದ್ದಿನ ಸಂಕೇತದಲ್ಲಿ ಅವೆರಡೂ ಬೇರೆ ಬೇರೆ ಕಡೆ ಬಿದ್ದುಬಿಡುತ್ತಿದ್ದವು. 1985ರಲ್ಲಿ ಗ್ಯಾರಿ ಮೊಕೊಟಾಫ್ ಮತ್ತು ರ್‍ಯಾಂಡಿ ಡೈಚ್ ಪೂರ್ವ ಯುರೋಪಿನ ಉಚ್ಚಾರಕ್ಕೆ ಒಗ್ಗುವಂತೆ ಆರು ಅಂಕಿಗಳ ಹೊಸ ಸಂಕೇತ ರೂಪಿಸಿದರು. ಇವತ್ತಿಗೂ ಯಹೂದಿ ದಾಖಲೆಗಳ ಹುಡುಕಾಟದಲ್ಲಿ ಅದು ಬಳಕೆಯಲ್ಲಿದೆ. ಎಲಿಸ್ ದ್ವೀಪದ ಪಟ್ಟಿಗಳು ಕಂಪ್ಯೂಟರಿಗೆ ಬಂದಾಗ ಅವನ್ನು ಸಲೀಸಾಗಿ ಜಾಲಾಡುವ ಸಾಧನ ಮಾಡಿಕೊಟ್ಟವರು ಸ್ಟೀಫನ್ ಮೋರ್ಸ್. ಇಂಟೆಲ್ 8086 ಚಿಪ್‌ನ ವಿನ್ಯಾಸಕಾರ ಅವರೇ ಎಂಬುದು ಬೆಂಗಳೂರಿನ ಓದುಗರಿಗೆ ರುಚಿಸೀತು.

ಈ ಎಲ್ಲ ಪುಸ್ತಕಗಳು ಮನೆಬಾಗಿಲಿಗೆ ಬಂದದ್ದಕ್ಕೆ ಋಣ ಹೇಳಬೇಕಾದ್ದು ಅಮೆರಿಕದ ಯೂಟಾ ರಾಜ್ಯದ ಮಾರ್ಮನ್ ಕ್ರೈಸ್ತರಿಗೆ. ಪೂರ್ವಜರಿಗೆ ಮರಣಾನಂತರ ದೀಕ್ಷೆ ಕೊಡುವ ನಂಬಿಕೆಯಿಂದಾಗಿ ಅವರು ಲೋಕದ ಹುಟ್ಟು ಸಾವಿನ ದಾಖಲೆಗಳನ್ನೆಲ್ಲ ಮೈಕ್ರೋಫಿಲ್ಮ್ ಮಾಡುತ್ತ ಬಂದರು, ಹರಿದ್ವಾರದ ಪಂಡಾಗಳ ವಹಿಗಳನ್ನೂ ಬಿಡಲಿಲ್ಲ. ಡೈಮಂಡ್ ಬಳಗದ ಸೂಚಿ ಶುರುವಾದದ್ದು ಅವರ ಪೋಲೆಂಡಿನ ರೀಲುಗಳಿಂದ. ಹಾಗೆಯೇ ನಾಜಿಗಳ ಹತ್ಯಾಕಾಂಡದಲ್ಲಿ ಸತ್ತ ಯಹೂದಿಗಳಿಗೂ ಅವರು ದೀಕ್ಷೆ ಕೊಟ್ಟಿದ್ದು ಬೆಳಕಿಗೆ ಬಂದು ದೊಡ್ಡ ಗಲಾಟೆಯಾಗಿ, 1995ರಲ್ಲಿ ನಿಲ್ಲಿಸುವ ಒಪ್ಪಂದವಾಯಿತು. ಉಪಕಾರ, ನೋವು ಎರಡೂ ಒಂದೇ ಕಡೆಯಿಂದ.

ಹತ್ಯಾಕಾಂಡ ಈ ಹುಡುಕಾಟವನ್ನು ಎಲ್ಲ ಕಡೆಯಿಂದಲೂ ಸುತ್ತುವರಿದಿದೆ. ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ 1950ರ ದಶಕದಿಂದ 'ಸಾಕ್ಷ್ಯಪತ್ರ'ಗಳನ್ನು ಸಂಗ್ರಹಿಸುತ್ತಿದೆ. ಸತ್ತವರೊಬ್ಬೊಬ್ಬರಿಗೆ ಒಂದೊಂದು ಹಾಳೆ: ಹೆಸರು, ತಂದೆತಾಯಿ, ಊರು, ಕಸುಬು. 2004ರಿಂದ ಎಲ್ಲರಿಗೂ ತೆರೆದಿರುವ ಅದರ ಹೆಸರಿನ ಭಂಡಾರದಲ್ಲಿ ಈಗ ಸುಮಾರು 50 ಲಕ್ಷ ಜನರಿದ್ದಾರೆ. ನುರಿತ ಶೋಧಕರು ಆ ಹಾಳೆಯಲ್ಲಿ ಮೊದಲು ನೋಡುವುದು ಕೆಳತುದಿಯನ್ನು. ತುಂಬಿಕೊಟ್ಟವರ ಹೆಸರು, ವಿಳಾಸ, ಸತ್ತವರೊಂದಿಗಿನ ಸಂಬಂಧ ಅಲ್ಲಿರುತ್ತದೆ. ತುಂಬಿದವನು ಉಳಿದುಕೊಂಡವನು, ಅವನ ಮಕ್ಕಳು ಎಲ್ಲೋ ಇರಲೇಬೇಕು. ಎಲ್ಲರೂ ಹೋದರು ಎಂದುಕೊಂಡಿದ್ದ ಮನೆಗಳಿಗೆ ಹೈಫಾದಲ್ಲೋ ಬ್ಯೂನಸ್ ಐರಿಸ್‌ನಲ್ಲೋ ದಾಯಾದಿಗಳು ಸಿಕ್ಕಿದ್ದು ಈ ದಾರಿಯಲ್ಲಿ. ಜರ್ಮನಿಯ ಬಾಡ್ ಆರೊಲ್ಸನ್‌ನಲ್ಲಿ ನಾಜಿಗಳೇ ಬರೆದಿಟ್ಟ ಶಿಬಿರದ ಕಾರ್ಡುಗಳೂ ಯುದ್ಧಾನಂತರದ ನಿರಾಶ್ರಿತರ ಕಡತಗಳೂ ಸೇರಿ ಸುಮಾರು 3 ಕೋಟಿ ದಾಖಲೆಗಳಿವೆ. ಅವು ಸಂಶೋಧಕರಿಗೆ ತೆರೆದದ್ದು 2007ರಲ್ಲಿ, ತೀರಾ ತಡವಾಗಿ. ಇವೆರಡಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದವು ಯಿಸ್ಕೋರ್ ಪುಸ್ತಕಗಳು. ಒಂದೇ ಊರಿನಿಂದ ಅಳಿದುಳಿದವರು ನ್ಯೂಯಾರ್ಕಿನಲ್ಲೋ ಟೆಲ್ ಅವೀವ್‌ನಲ್ಲೋ ಸಂಘ ಕಟ್ಟಿಕೊಂಡು, ಕೈಯಿಂದ ದುಡ್ಡು ಹಾಕಿ, ಯಿದ್ದಿಶ್ ಮತ್ತು ಹೀಬ್ರೂವಿನಲ್ಲಿ ಅಚ್ಚು ಹಾಕಿಸಿದ ಊರಿನ ನೆನಪುಗಳು ಅವು. ಅವುಗಳಲ್ಲಿ ನೆನಪಿನಿಂದ ಬಿಡಿಸಿದ ಬೀದಿಗಳ ನಕ್ಷೆ, ಅಡ್ಡಹೆಸರುಗಳು, ಜಗಳಗಂಟರು, ಕೊನೆಯಲ್ಲಿ ಸತ್ತವರ ಪಟ್ಟಿ. ಸ್ವಯಂಸೇವಕರು ಅವನ್ನು ಅಧ್ಯಾಯ ಅಧ್ಯಾಯವಾಗಿ ಇಂಗ್ಲಿಷಿಗೆ ತರುತ್ತಿದ್ದಾರೆ.

ಕರ್ನಾಟಕಕ್ಕೂ ಇದಕ್ಕೂ ಒಂದು ನೆಂಟಸ್ತನವಿದೆ, 900 ವರ್ಷದ್ದು. ಈಗಿನ ಟ್ಯುನೀಸಿಯಾದ ಮಾಹ್ದಿಯಾದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಕಂಚು ಹಿತ್ತಾಳೆಯ ಕಾರ್ಖಾನೆ ನಡೆಸಿದ. ಆಶು ಎಂಬವಳನ್ನು ದಾಸ್ಯದಿಂದ ಬಿಡಿಸಿದ ಪತ್ರಕ್ಕೆ ಆ ವರ್ಷದ ಅಕ್ಟೋಬರ್ 17ರ ತೇದಿಯಿದೆ, ಬರೆದದ್ದು ಮಂಗಳೂರಿನಲ್ಲೇ. ಅವಳೇ ಅವನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರ ತೀರ್ಮಾನ. ದೇವರ ಹೆಸರಿರುವ ಕಾಗದವನ್ನು ನಾಶಮಾಡಬಾರದೆಂಬ ಕಟ್ಟಳೆಯಿಂದ ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಕೋಣೆಯಲ್ಲಿ ತುಂಬಿಟ್ಟಿದ್ದ ರಾಶಿಯಲ್ಲಿ ಅವನ ಲೆಕ್ಕಪತ್ರಗಳೂ ಉಳಿದವು. ಆ ರಾಶಿ ಕೇಂಬ್ರಿಜ್, ಆಕ್ಸ್‌ಫರ್ಡ್, ಸೇಂಟ್ ಪೀಟರ್ಸ್‌ಬರ್ಗ್, ನ್ಯೂಯಾರ್ಕ್ ಎಂದು ಚೆಲ್ಲಾಪಿಲ್ಲಿಯಾಗಿತ್ತು. ವಿದ್ವಾಂಸ ಎಸ್. ಡಿ. ಗೊಯ್ಟೈನ್ ಆ ಚೂರುಗಳನ್ನು ಜೋಡಿಸಿ ಅವನ ಕುಟುಂಬವನ್ನು ಎತ್ತಿ ನಿಲ್ಲಿಸಿದರು: 1148ರಲ್ಲಿ ಮಾಹ್ದಿಯಾ ಸಿಸಿಲಿಯ ದೊರೆಯ ಪಾಲಾದಾಗ ಅಣ್ಣತಮ್ಮಂದಿರು ಸಿಸಿಲಿ ಸೇರಿದ್ದು, ಮರುವರ್ಷ ಏಡನ್‌ಗೆ ಮರಳಿದ ಬೆನ್ ಯಿಜು ಮಗಳಿಗೆ ಸೋದರನ ಮಗನನ್ನೇ ತರಬೇಕೆಂದು ಹಂಬಲಿಸಿದ್ದು, 1156ರಲ್ಲಿ ಆ ಮದುವೆಯಾದದ್ದು. ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಓದಿದವರಿಗೆ ಬೆನ್ ಯಿಜುವಿನ ಆಳು ಬೊಮ್ಮನ ನೆನಪಿದ್ದೀತು.

ಡಿಎನ್ಎ ಬಂದ ಮೇಲೆ ಇದೆಲ್ಲ ರಗಳೆ ತಪ್ಪಿತಲ್ಲ ಎನ್ನುವವರಿದ್ದಾರೆ. ಕೊಳವೆಯಲ್ಲಿ ಎಂಜಲು ಉಗುಳಿ ಕಳಿಸಿದರೆ ನೆಂಟರ ಪಟ್ಟಿ ಬರುತ್ತದೆ, ನಿಜ. ಅಶ್ಕೆನಾಜಿಗಳಿಗೆ ಹತ್ತಾರು ಸಾವಿರ ಹೆಸರಿನ ಪಟ್ಟಿ ಬರುತ್ತದೆ! ಇವತ್ತಿನ ಅಶ್ಕೆನಾಜಿಗಳು ಬಹುಪಾಲು 600ರಿಂದ 800 ವರ್ಷಗಳ ಹಿಂದಿನ ಸುಮಾರು 350 ಜನರಷ್ಟು ಸಣ್ಣ ಗುಂಪಿನಿಂದ ಬೆಳೆದವರೆಂದು 2014ರ ಒಂದು ಅಧ್ಯಯನ ಅಂದಾಜು ಮಾಡಿತು. ಆಮೇಲೂ ಶತಮಾನಗಟ್ಟಲೆ ತಮ್ಮತಮ್ಮೊಳಗೇ ಹೆಣ್ಣು ಕೊಟ್ಟು ತಂದರು. ಹಾಗಾಗಿ ಯಾವ ಇಬ್ಬರನ್ನು ಹಿಡಿದರೂ ಹತ್ತು ದಾರಿಯಲ್ಲಿ ನೆಂಟರು. ಹಂಚಿಕೊಂಡ ಡಿಎನ್ಎಯನ್ನು ಸೆಂಟಿಮಾರ್ಗನ್‌ಗಳಲ್ಲಿ ಅಳೆಯುತ್ತಾರೆ. ತಂದೆ ಮಗನಿಗೆ ಸುಮಾರು 3,400. ಬೇರೆ ಜನರಲ್ಲಿ 80, 100 ಬಂದರೆ ಮುತ್ತಜ್ಜನ ಅಪ್ಪನ ಮಟ್ಟದಲ್ಲಿ ಕೊಂಡಿ ಸಿಕ್ಕೀತು. ಇಲ್ಲಿ ಅದೇ 100 ಎಂಟೆಂಟು ಹತ್ತತ್ತರ ಚೂರುಗಳ ಮೊತ್ತವಾಗಿರಬಹುದು, ಒಂದೊಂದು ಚೂರು ಒಬ್ಬೊಬ್ಬ ಹಳೆಯ ಪೂರ್ವಜನಿಂದ ಬಂದದ್ದು, ಕುಲನಾಮ ಹುಟ್ಟುವ ಮೊದಲಿನದ್ದು. ಅದಕ್ಕೇ ಪಳಗಿದವರು ಒಟ್ಟು ಮೊತ್ತವನ್ನು ಬದಿಗಿಟ್ಟು ಅತ್ಯಂತ ಉದ್ದದ ತುಂಡು ಎಷ್ಟಿದೆ ಎಂದು ನೋಡುತ್ತಾರೆ. ಒಂದೇ ತುಂಡು 40ರಷ್ಟಿದ್ದರೆ ಕೂತು ಕಾಗದ ತೆಗೆಯುವುದು ಲೇಸು.

ಕಾಗದವೇ ಇಲ್ಲದವರೂ ಇದ್ದಾರೆ. ಪೋಲೆಂಡಿನಲ್ಲಿ ಯುದ್ಧಕಾಲದಲ್ಲಿ ಕ್ರೈಸ್ತ ಮನೆಗಳಿಗೋ ಕಾನ್ವೆಂಟುಗಳಿಗೋ ಒಪ್ಪಿಸಿಹೋದ ಕೂಸುಗಳು ಬೇರೆ ಹೆಸರಿನಲ್ಲಿ ಬೆಳೆದವು. ಅವರಿಗೀಗ ಎಂಬತ್ತು ದಾಟಿದೆ. ನ್ಯೂಯಾರ್ಕಿನ ಸೆಂಟರ್ ಫಾರ್ ಜ್ಯೂಯಿಶ್ ಹಿಸ್ಟರಿ 2022ರಲ್ಲಿ ಆರಂಭಿಸಿದ ಯೋಜನೆಯೊಂದು ಹತ್ಯಾಕಾಂಡದಿಂದ ಉಳಿದವರಿಗೆ, ಅವರ ಮಕ್ಕಳಿಗೆ ಡಿಎನ್ಎ ಪರೀಕ್ಷೆಯನ್ನು ಪುಕ್ಕಟೆಯಾಗಿ ಕೊಡತೊಡಗಿತು. ಅಪ್ಪ ಅಮ್ಮನ ಹೆಸರೇ ಗೊತ್ತಿಲ್ಲದವರಿಗೆ ಬೇರೆ ದಾರಿಯೂ ಇಲ್ಲ. ಪಟ್ಟಿಯಲ್ಲಿ ಷಿಕಾಗೋದ ಒಬ್ಬ ದೂರದ ದಾಯಾದಿ ಬಂದನೆನ್ನಿ. ಆಗ ಅವನ ಮುತ್ತಜ್ಜಿಯ ಒಡಹುಟ್ಟಿದವರು ಯಾರು, ಯಾರಿಗೆ ಎಲ್ಲಿ ಮದುವೆಯಾಯಿತು, ಯಾರ ಮನೆಯಲ್ಲಿ 1940ರ ಸುಮಾರಿಗೆ ಕೂಸು ಹುಟ್ಟುವಂತಿತ್ತು ಎಂಬ ಲೆಕ್ಕ ಶುರುವಾಗುತ್ತದೆ. ಅದಕ್ಕೆ ಆ ಊರಿನ ಪುಸ್ತಕವನ್ನು ಯಾರಾದರೂ, ಆ ಮನೆಗೆ ಸಂಬಂಧವೇ ಇಲ್ಲದ ಯಾರಾದರೂ, ಸಾಲುಸಾಲಾಗಿ ಸೂಚಿ ಮಾಡಿಟ್ಟಿರಬೇಕು. ಆ ಊರಿನ ಪುಸ್ತಕ ಯುದ್ಧದಲ್ಲಿ ಸುಟ್ಟುಹೋಗಿದ್ದರೆ, ಇನ್ನೊಬ್ಬ ದಾಯಾದಿ ಕೊಳವೆಗೆ ಉಗುಳುವ ತನಕ ಕಾಯಬೇಕು.