ಮಿದುಳಿನ ಜಿಗುಟಿಗೆ ಯಕೃತ್ತಿನಲ್ಲೊಂದು ದಾರಿ

ಆಲ್ಜೈಮರ್ ಬರುವಂತೆ ವಂಶವಾಹಿ ಬದಲಿಸಿದ ಸುಂಡಿಲಿಗಳಿಗೆ ಅಶ್ವಗಂಧದ ಬೇರಿನ ಸಾರವನ್ನು 30 ದಿನ ಬಾಯಿಗೆ ಹಾಕಿದರು. ಮಿದುಳಿನಲ್ಲಿ ಕೂತಿದ್ದ ಪ್ರೋಟೀನ್ ರಾಶಿ ಇಳಿಯಿತು, ಕೈಬಿಟ್ಟಿದ್ದ ನೆನಪಿನ ಶಕ್ತಿ ಚೇತರಿಸಿಕೊಂಡಿತು. ಆದರೆ ಮದ್ದು ಕೆಲಸ ಮಾಡಿದ್ದು ಮಿದುಳಿನಲ್ಲಲ್ಲ, ಯಕೃತ್ತಿನಲ್ಲಿ. 2012ರಲ್ಲಿ ಇದನ್ನು ಪ್ರಕಟಿಸಿದವರು ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಸಂಗಡಿಗರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ವಿಜಯಲಕ್ಷ್ಮಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿದವರು.

ನರಕೋಶದ ಪೊರೆಯಲ್ಲಿ ಎಪಿಪಿ ಎಂಬ ಉದ್ದನೆಯ ಪ್ರೋಟೀನ್ ಇದೆ. ಬೀಟಾ ಮತ್ತು ಗಾಮಾ ಸೆಕ್ರಿಟೇಸ್ ಎಂಬ ಎರಡು ಕಿಣ್ವಗಳು ಅದನ್ನು ತುಂಡರಿಸಿದಾಗ ಅಮಿಲಾಯ್ಡ್ ಬೀಟಾ ಎಂಬ ಚೂರು ಹುಟ್ಟುತ್ತದೆ. 40 ಅಮೈನೋ ಆಮ್ಲಗಳ ಚೂರಿಗಿಂತ 42ರದ್ದು ಹೆಚ್ಚು ಜಿಗುಟು. ಒಂದಕ್ಕೊಂದು ಅಂಟಿ ಎಳೆಯಾಗಿ, ಎಳೆಗಳೆಲ್ಲ ಸೇರಿ ನರಕೋಶಗಳ ನಡುವೆ ಗಟ್ಟಿಯಾಗುತ್ತವೆ. ಕೋಶದ ಒಳಗೆ ಟೌ ಎಂಬ ಇನ್ನೊಂದು ಪ್ರೋಟೀನ್ ಸಿಕ್ಕುಗಟ್ಟುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೀಗೆ ಅಂಟಿಕೊಳ್ಳುವುದು ಆಲ್ಫಾ ಸಿನ್ಯೂಕ್ಲೀನ್.

ಅಮಿಲಾಯ್ಡ್ ಚೂರು ಆರೋಗ್ಯವಂತರ ಮಿದುಳಿನಲ್ಲೂ ದಿನವೂ ಹುಟ್ಟುತ್ತದೆ, ಹೊರಗೂ ಹೋಗುತ್ತದೆ. ರಕ್ತನಾಳದ ಗೋಡೆಯಲ್ಲಿರುವ ಎಲ್‌ಆರ್‌ಪಿ ಎಂಬ ಪ್ರೋಟೀನ್ ಅದನ್ನು ಹಿಡಿದು ರಕ್ತಕ್ಕೆ ದಾಟಿಸುತ್ತದೆ. ಯಕೃತ್ತಿನಲ್ಲೂ ಎಲ್‌ಆರ್‌ಪಿ ಧಾರಾಳವಾಗಿದೆ. ರಕ್ತದಲ್ಲಿ ತೇಲಿಬಂದ ಅಮಿಲಾಯ್ಡನ್ನು ಅಲ್ಲಿ ಬಾಚಿಕೊಂಡಷ್ಟೂ ಮಿದುಳಿನಿಂದ ಇನ್ನಷ್ಟು ಹೊರಬರುತ್ತದೆ. ಬಚ್ಚಲಲ್ಲಿ ನೀರು ನಿಂತರೆ ಬೀದಿಯ ಮೋರಿಯನ್ನೂ ನೋಡಬೇಕಲ್ಲ, ಹಾಗೆ. ಅಶ್ವಗಂಧ ತಿಂದ ಸುಂಡಿಲಿಗಳ ಯಕೃತ್ತಿನಲ್ಲಿ ಎಲ್‌ಆರ್‌ಪಿ ಹೆಚ್ಚಿತ್ತು. ಅಮಿಲಾಯ್ಡ್ ಮಿದುಳಿನಲ್ಲಿ ಇಳಿದು ರಕ್ತದಲ್ಲಿ ಏರಿತ್ತು. ಈ ಪ್ರಯೋಗದಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಅವರು ಇಷ್ಟಕ್ಕೇ ನಿಲ್ಲಿಸದೆ ಇಟ್ಟ ಮುಂದಿನ ಹೆಜ್ಜೆ. ಯಕೃತ್ತಿನ ಎಲ್‌ಆರ್‌ಪಿಯನ್ನಷ್ಟೇ ತಗ್ಗಿಸಿ ಮತ್ತೆ ಸಾರ ಕೊಟ್ಟರು. ಗುಣ ಕಾಣಲಿಲ್ಲ. ಎರಡೂ ಒಟ್ಟಿಗೆ ಕಂಡವು ಎನ್ನುವುದಕ್ಕೂ ಇದರಿಂದಲೇ ಅದಾಯಿತು ಎನ್ನುವುದಕ್ಕೂ ನಡುವಿನ ಅಂತರ ದಾಟಿದ್ದು ಹೀಗೆ.

ಬೆಂಗಳೂರಿನದೇ ಇನ್ನೊಂದು ಪ್ರಯತ್ನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ್ದು. ಟಿ. ಗೋವಿಂದರಾಜು ಅವರ ತಂಡ ರೂಪಿಸಿದ ಟಿಜಿಆರ್63 ಎಂಬ ಪುಟ್ಟ ಅಣು ಅಮಿಲಾಯ್ಡ್ ಚೂರುಗಳು ಅಂಟಿಕೊಳ್ಳುವುದಕ್ಕೇ ಅಡ್ಡಬರುತ್ತದೆ. ಅದು ಕೂಡ ಸುಂಡಿಲಿಗಳಲ್ಲಿ ಫಲ ಕೊಟ್ಟಿದೆ.

ದಾವಣಗೆರೆಯ ಸರಸ್ವತಿ ನಗರದಲ್ಲೋ ಹರಿಹರದಲ್ಲೋ ಇದನ್ನು ಓದಿದವರು ಅಶ್ವಗಂಧದ ಪುಡಿ ತಂದು ಅಜ್ಜನಿಗೆ ಹಾಲಲ್ಲಿ ಕದಡಿ ಕೊಡಲು ಹೊರಡಬೇಡಿ. ಪ್ರಯೋಗದಲ್ಲಿ ಬಳಸಿದ್ದು ಸೋಸಿ ಸಂಸ್ಕರಿಸಿದ ಸಾರ. ಸುಂಡಿಲಿಗೆ ಒಗ್ಗಿದ್ದು ಮನುಷ್ಯರಿಗೂ ಒಗ್ಗಬೇಕೆಂದಿಲ್ಲ. ಅಶ್ವಗಂಧ ತಿಂದು ಯಕೃತ್ತಿಗೇ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಅಜ್ಜನಿಗೆ ಮರೆವು ಕಂಡರೆ ಮೊದಲು ಆಗಬೇಕಾದದ್ದು ರಕ್ತಪರೀಕ್ಷೆ. ಅರವತ್ತಕ್ಕೆ ಅರಳು ಮರಳು ಎಂದು ಮನೆಯವರು ಸುಮ್ಮನಾದ ಮರೆವು ಎಷ್ಟೋ ಸಲ ಬಿ12 ಕೊರತೆಯಿಂದಲೋ ಥೈರಾಯ್ಡ್ ಕುಂದಿದ್ದರಿಂದಲೋ ಬಂದಿರುತ್ತದೆ, ಅದಕ್ಕೆ ಚಿಕಿತ್ಸೆಯಿದೆ.

ಮನುಷ್ಯರಲ್ಲಿ ಆಲ್ಜೈಮರ್‌ನಂಥ ಕಾಯಿಲೆ ಹೇಗೆ ಬೆಳೆಯುತ್ತದೆಂದು ತಿಳಿಯಲು ವಿಜಯಲಕ್ಷ್ಮಿ ಕಟ್ಟಿದ ಅದೇ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಿಗೆ ಹೋಗಿದೆ. 45 ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸುವುದು ಅದರ ಗುರಿ. ನೆನಪಿನ ಪರೀಕ್ಷೆ, ರಕ್ತದ ಮಾದರಿ, ಮಿದುಳಿನ ಸ್ಕ್ಯಾನ್ ಎಲ್ಲವೂ ಅದರಲ್ಲಿವೆ. ಈ ಬಗೆಯ ದೀರ್ಘ ಅಧ್ಯಯನಗಳು ಹೆಚ್ಚಾಗಿ ನಡೆದಿರುವುದು ಪಶ್ಚಿಮದ ಪೇಟೆಯ ಜನರ ಮೇಲೆ. ಇಲ್ಲಿ ಕೈಚಾಚಿ ರಕ್ತ ಕೊಡುತ್ತಿರುವವರು ನಮ್ಮ ಹಳ್ಳಿಯವರು.