ಎಂಜಿನ್ ಮೇಲಿನ ಅಕ್ಷರ: ದುರಸ್ತಿಯೋ, ಮೋಸವೋ?

ಹಳೆಯ ಕಾರಿನ ಬೆಲೆಯನ್ನು ಕೆಲವೊಮ್ಮೆ ಎಂಜಿನ್ ಮೇಲಿನ ನಾಲ್ಕಾರು ಅಕ್ಷರಗಳೇ ನಿರ್ಧರಿಸುತ್ತವೆ. ಅಮೆರಿಕದ 1960ರ ದಶಕದ ಷೆವ್ರೊಲೆ ಕಾರ್ವೆಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ದೊಡ್ಡ ವಿ-8 ಎಂಜಿನ್ನಿನ ಬಲಬದಿಯ ಮುಂಭಾಗದಲ್ಲಿ 'ಟಿ0315' ಎಂದು ಕುಟ್ಟಿದ್ದರೆ ಟೊನವಾಂಡ ಕಾರ್ಖಾನೆಯಲ್ಲಿ ಮಾರ್ಚ್ 15ರಂದು ಜೋಡಿಸಿದ್ದು ಎಂದರ್ಥ. ಮುಂದಿನ ಅಕ್ಷರಗಳು ಎಂಜಿನ್ ಯಾವ ಬಗೆಯದೆಂದು ಹೇಳುತ್ತವೆ.

ರಿಪೇರಿಯಲ್ಲಿ ಬ್ಲಾಕಿನ ಮೇಲ್ಮೈ ಹೆರೆದಾಗ ಇವು ಅಳಿಸಿಹೋಗುತ್ತವೆ. ಮತ್ತೆ ಅಕ್ಷರ ಕುಟ್ಟುವುದು ಸುಲಭ. ಕಾರ್ಖಾನೆಯ ಯಂತ್ರ ಬಿಟ್ಟುಹೋದ ಕೂದಲೆಳೆಯಂಥ ಸಮಾನಾಂತರ ಗೆರೆಗಳನ್ನು ಮೂಡಿಸುವುದೇ ಕಷ್ಟ. ಪರಿಣತರ ಕಣ್ಣು ಹೋಗುವುದೂ ಅಲ್ಲಿಗೇ. ಜೊತೆಗೆ ಎರಕದ ದಿನಾಂಕವನ್ನೂ ನೋಡುತ್ತಾರೆ. ಅದು ಉಬ್ಬಕ್ಷರ, 'ಸಿ 10 7' ಎಂದರೆ 1967ರ ಮಾರ್ಚ್ 10. ಎರಕದ ದಿನ ಜೋಡಣೆಯ ದಿನಕ್ಕಿಂತ ಈಚಿನದಾದರೆ ಕೈಚಳಕ ಬಯಲು!

ತಪಾಸಣೆಗಾರರು ಎಳೆಯುತ್ತಿದ್ದ ಬಣ್ಣದ ಗೀಟುಗಳನ್ನು ಮತ್ತೆ ಬರೆದರೆ ಯಾರ ತಕರಾರೂ ಇಲ್ಲ. ನಂಬರಿನ ಮಾತು ಬೇರೆ. ಹೊಸದಾಗಿ ಕುಟ್ಟಿದ್ದೆಂದು ಹೇಳಿ ಮಾರಿದರೆ ದುರಸ್ತಿ, ಮುಚ್ಚಿಟ್ಟರೆ ವಂಚನೆ. ನಮ್ಮಲ್ಲಂತೂ ಎಂಜಿನ್ ನಂಬರ್ ಆರ್.ಸಿ.ಯಲ್ಲೂ ದಾಖಲಾಗಿರುತ್ತದೆ. 50 ವರ್ಷ ದಾಟಿದ ವಾಹನಗಳಿಗಾಗಿ 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮವೂ ವಾಹನ ಮೂಲ ರೂಪದಲ್ಲೇ ಇರಬೇಕೆನ್ನುತ್ತದೆ. ಹಾಗಾಗಿ ಬ್ಲಾಕನ್ನು ಮೆಕ್ಯಾನಿಕ್ಕಿನ ಕೈಗೆ ಕೊಡುವ ಮುನ್ನ ಅಕ್ಷರಗಳ ಫೋಟೊ ತೆಗೆದಿಟ್ಟುಕೊಳ್ಳಿ.