ಜಠರದಲ್ಲಿ ಅವಿತ ರೋಗಾಣು

ಹುಟ್ಟೂರು ಬಿಟ್ಟು ದೂರದ ನಾಡಿನಲ್ಲಿ ನೆಲೆಸಿದವರು ತಮ್ಮೊಡನೆ ಭಾಷೆಯನ್ನೂ ಊಟದ ರುಚಿಯನ್ನೂ ಹಬ್ಬಹರಿದಿನಗಳನ್ನೂ ಕೊಂಡೊಯ್ಯುತ್ತಾರೆ. ಕೆಲವೊಮ್ಮೆ ರೋಗದ ಬೀಜವನ್ನೂ ಕೊಂಡೊಯ್ಯುತ್ತಾರೆಂಬುದು ಅವರ ಅರಿವಿಗೇ ಬರುವುದಿಲ್ಲ. ಜಪಾನಿನಿಂದ ಹವಾಯಿ ದ್ವೀಪಗಳಿಗೆ ವಲಸೆ ಹೋದವರ ವೃತ್ತಾಂತ ಇದಕ್ಕೊಂದು ನಿದರ್ಶನ. ಜಪಾನಿನಲ್ಲಿ ಜಠರದ ಕ್ಯಾನ್ಸರ್ ಬಹು ಹೆಚ್ಚು. ವಲಸೆ ಹೋದ ಮೊದಲ ತಲೆಮಾರಿನವರಲ್ಲಿಯೂ ಈ ರೋಗದ ಹಾವಳಿ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಹವಾಯಿಯಲ್ಲಿಯೇ ಹುಟ್ಟಿ ಬೆಳೆದ ಅವರ ಮಕ್ಕಳಲ್ಲಿ ಇಳಿಮುಖವಾಯಿತು. ವಂಶ ಒಂದೇ, ಬೇರೆಯಾದದ್ದು ಬಾಲ್ಯ ಕಳೆದ ನೆಲ. ಉಪ್ಪು ಹಾಕಿ ಒಣಗಿಸಿದ ಮೀನು ಮತ್ತು ಉಪ್ಪಿನಲ್ಲಿಟ್ಟ ತರಕಾರಿಗಳೇ ಕಾರಣವೆಂದು ಬಹುಕಾಲ ಹೇಳಲಾಗುತ್ತಿತ್ತು. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ.

ಉಳಿದ ಸತ್ಯ ದೊರೆತದ್ದು ಆಸ್ಟ್ರೇಲಿಯದ ಪರ್ತ್ ನಗರದಲ್ಲಿ. 1979ರಲ್ಲಿ ಅಲ್ಲಿನ ರಾಯಲ್ ಪರ್ತ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ರಾಬಿನ್ ವಾರನ್, ಉರಿಯೂತಗೊಂಡ ಜಠರದ ತುಣುಕೊಂದರಲ್ಲಿ ಬಾಗಿದ ಆಕಾರದ ಬ್ಯಾಕ್ಟೀರಿಯಗಳನ್ನು ಕಂಡರು. ಜಠರಾಮ್ಲದ ನಡುವೆ ಯಾವ ರೋಗಾಣುವೂ ನೆಲೆಸಲಾರದೆಂಬುದು ಅಂದಿನ ವೈದ್ಯರ ದೃಢವಾದ ನಂಬಿಕೆ. 1981ರಲ್ಲಿ ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯರು ವಾರನ್ನರ ಜೊತೆಗೂಡಿದರು. ಆ ಜೀವಿಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವ ಯತ್ನಗಳು ಮತ್ತೆ ಮತ್ತೆ ವಿಫಲವಾದವು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳನ್ನು ನೋಡುವವರಿಲ್ಲದೆ ಐದು ದಿನ ಹಾಗೆಯೇ ಬಿಟ್ಟಾಗ ಅದು ತಾನಾಗಿ ಬೆಳೆದು ನಿಂತಿತು! ಅದುವರೆಗೆ ಎರಡೇ ದಿನ ಕಾದು ತಟ್ಟೆಗಳನ್ನು ಎಸೆಯಲಾಗುತ್ತಿತ್ತು. ಇಷ್ಟಾದರೂ ಒಪ್ಪದವರೇ ಹೆಚ್ಚು. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಗಳನ್ನು ಸ್ವತಃ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಆರಂಭವಾಯಿತು. ಆರೋಗ್ಯವಾಗಿದ್ದ ಅವರ ಜಠರದಲ್ಲಿ ಉರಿಯೂತ ಕಾಣಿಸಿತು. ಹೆಲಿಕೋಬ್ಯಾಕ್ಟರ್ ಪೈಲೊರಿ ಎಂದು ಇಂದು ಕರೆಯಲಾಗುವ ಈ ಜೀವಿಯ ಶೋಧಕ್ಕಾಗಿ ಇಬ್ಬರಿಗೂ 2005ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಸೂಕ್ಷ್ಮಜೀವಿಯ ಉಪಾಯ ವಿಸ್ಮಯಕರ. ಯೂರಿಯವನ್ನು ಒಡೆದು ಅಮೋನಿಯ ಉತ್ಪಾದಿಸಿ, ತನ್ನ ಸುತ್ತಲಿನ ಆಮ್ಲವನ್ನು ಅದು ನಿಸ್ತೇಜಗೊಳಿಸುತ್ತದೆ. ಬಳಿಕ ಲೋಳೆಯ ಪದರದೊಳಗೆ ಕೊರೆದುಕೊಂಡು ಹೋಗಿ ಅವಿತುಕೊಳ್ಳುತ್ತದೆ. ಸಾಮಾನ್ಯವಾಗಿ ಬಾಲ್ಯದಲ್ಲಿ, ಮನೆಯವರಿಂದಲೇ ತಗಲುವ ಈ ಸೋಂಕು ಚಿಕಿತ್ಸೆಯಿಲ್ಲದಿದ್ದರೆ ಬಹುತೇಕ ಜೀವನವಿಡೀ ಉಳಿಯುತ್ತದೆ. ದಶಕಗಳ ಉರಿಯೂತದಿಂದ ಕೆಲವರಲ್ಲಿ ಆಮ್ಲ ಸ್ರವಿಸುವ ಗ್ರಂಥಿಗಳು ಕ್ಷೀಣಿಸುತ್ತವೆ. ಅವುಗಳ ಸ್ಥಾನದಲ್ಲಿ ಕರುಳಿನ ಕೋಶಗಳನ್ನು ಹೋಲುವ ಕೋಶಗಳು ಮೂಡುತ್ತವೆ. ಅವು ವಿಕೃತಗೊಂಡು ಕಡೆಗೆ ಕ್ಯಾನ್ಸರಾಗಬಹುದು.

ಮತ್ತೆ ಹವಾಯಿಗೆ ಬರೋಣ. 1967ರಿಂದ 1970ರ ಅವಧಿಯಲ್ಲಿ ಅಲ್ಲಿನ ಜಪಾನೀ ಮೂಲದ 5,908 ಪುರುಷರ ರಕ್ತವನ್ನು ಸಂಗ್ರಹಿಸಿಡಲಾಗಿತ್ತು. ಆಗ ಈ ರೋಗಾಣುವಿಗೆ ಹೆಸರೂ ಇರಲಿಲ್ಲ. 1989ರ ವೇಳೆಗೆ ಅವರಲ್ಲಿ 109 ಮಂದಿಗೆ ಜಠರದ ಕ್ಯಾನ್ಸರ್ ಬಂದಿತ್ತು. ಕಾಪಿಟ್ಟ ರಕ್ತವನ್ನು ತೆಗೆದು ಪರೀಕ್ಷಿಸಿದಾಗ, ರೋಗಿಗಳಲ್ಲಿ ಶೇಕಡಾ 94 ಮಂದಿಗೆ ಮೊದಲೇ ಸೋಂಕು ತಗಲಿದ್ದುದು ತಿಳಿಯಿತು. ಹೋಲಿಕೆಗಾಗಿ ಆರಿಸಿದ, ಕ್ಯಾನ್ಸರ್ ಇಲ್ಲದವರಲ್ಲಿ ಶೇಕಡಾ 76. ಸೋಂಕಿತರಿಗೆ ಅಪಾಯ ಸುಮಾರು ಆರು ಪಟ್ಟು ಎಂದು ಲೆಕ್ಕ ಹಾಕಲಾಯಿತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ಬ್ಯಾಕ್ಟೀರಿಯವನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ವರ್ಗಕ್ಕೆ ಸೇರಿಸಿತು.

ಹಾಗೆಂದು ಗಾಬರಿಪಡಬೇಕಾಗಿಲ್ಲ. ಆ ಶೇಕಡಾ 76ರ ಅಂಕಿಯನ್ನು ಮರೆಯಲಾಗದು: ಸೋಂಕಿದ್ದವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಭಾರತದಲ್ಲಿ ಈ ಸೋಂಕು ಬಹು ವ್ಯಾಪಕ. ಆದರೂ ಜಠರದ ಕ್ಯಾನ್ಸರ್ ಜಪಾನಿನಲ್ಲಿರುವುದಕ್ಕಿಂತ ಬಹಳ ಕಡಿಮೆ. ರೋಗಾಣುವಿನ ತಳಿ, ಆಹಾರ, ತಂಬಾಕು, ವಂಶವಾಹಿಗಳು ಇವೆಲ್ಲ ಸೇರಿ ಫಲವನ್ನು ನಿರ್ಧರಿಸುತ್ತವೆ. ನಮ್ಮ ದೇಶದಲ್ಲಿಯೇ ಮಿಜೋರಾಮಿನಲ್ಲಿ ಈ ಕ್ಯಾನ್ಸರ್ ಅತಿ ಹೆಚ್ಚು; ಅಲ್ಲಿ ಹೊಗೆಯಲ್ಲಿ ಒಣಗಿಸಿದ ಮಾಂಸ ಮತ್ತು ತಂಬಾಕಿನ ಬಳಕೆ ವಿಪುಲ.

ಗ್ಯಾಸ್ ಟ್ರಬಲ್ ಎಂದು ವರ್ಷಗಟ್ಟಲೆ ಔಷಧದ ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗುವ ಅಭ್ಯಾಸವೇ ಇಲ್ಲಿ ಹೆಚ್ಚು ಚಿಂತೆಯ ವಿಷಯ. ಆಮ್ಲ ತಗ್ಗಿಸುವ ಮಾತ್ರೆ ಉರಿಯನ್ನು ಶಮನಗೊಳಿಸುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ಬೆಳೆಯುತ್ತಿರುವ ಗಡ್ಡೆಯ ಸುಳಿವನ್ನೂ ಮರೆಮಾಚಬಹುದು. ಜಠರದ ಹುಣ್ಣು ಇದ್ದವರು, ತಂದೆತಾಯಿ ಅಥವಾ ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದವರು ವೈದ್ಯರನ್ನು ಕೇಳಿ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಸೋಂಕು ತಿಳಿಯುತ್ತದೆ. ಆಮ್ಲ ತಗ್ಗಿಸುವ ಮಾತ್ರೆಗಳಿಂದ ಫಲಿತಾಂಶ ತಪ್ಪಾಗಬಹುದಾದ್ದರಿಂದ ಅವನ್ನು ವೈದ್ಯರ ಸಲಹೆಯಂತೆ ಎರಡು ವಾರ ಮುಂಚೆಯೇ ನಿಲ್ಲಿಸಬೇಕು. ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ರಕ್ತವಾಂತಿ, ನುಂಗಲು ಕಷ್ಟ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಅಜೀರ್ಣ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಅಂಥವರಿಗೆ ಎಂಡೋಸ್ಕೋಪಿ ಬೇಕಾಗುತ್ತದೆ.

ಚಿಕಿತ್ಸೆ ಸಾಮಾನ್ಯವಾಗಿ ಹದಿನಾಲ್ಕು ದಿನಗಳದು: ಆಮ್ಲ ತಗ್ಗಿಸುವ ಔಷಧದ ಜೊತೆಗೆ ಎರಡೋ ಮೂರೋ ಬಗೆಯ ಆಂಟಿಬಯಾಟಿಕ್ ಅಥವಾ ಇತರ ಔಷಧಗಳು. ಬಾಯಿ ಕಹಿಯಾಯಿತೆಂದು ನಡುವೆ ನಿಲ್ಲಿಸಿದರೆ ಉಳಿದ ರೋಗಾಣುಗಳು ಔಷಧಕ್ಕೆ ಜಗ್ಗದಂತಾಗುತ್ತವೆ. ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರಗಳಾದ ಮೇಲೆ ಸೋಂಕು ಹೋಗಿದೆಯೆ ಎಂದು ಮತ್ತೊಮ್ಮೆ ಪರೀಕ್ಷಿಸಬೇಕು. ಗ್ರಂಥಿಗಳು ಕ್ಷೀಣಿಸುವ ಮುನ್ನವೇ ರೋಗಾಣುವನ್ನು ಹೊರಹಾಕಿದರೆ ಲಾಭ ಅತ್ಯಧಿಕ. ಬದಲಾವಣೆಗಳು ಬಹಳ ಮುಂದುವರಿದವರಿಗೆ ಸೋಂಕು ಹೋದ ಮೇಲೂ ವೈದ್ಯರು ಹೇಳಿದ ಅವಧಿಗೊಮ್ಮೆ ಎಂಡೋಸ್ಕೋಪಿ ತಪ್ಪದು.